ಕಾಲಿಗೆ ನೀರು

ರಾಜ್ಯ ಒಂದಾದ ಹೊಸತು. ನಾಗರ ಪಂಚಮಿ ಹತ್ತಿರ ಬಂದಿತ್ತು. ನನ್ನ ಗೆಳೆಯ ತನ್ನ ಅಕ್ಕನನ್ನು ಹಬ್ಬಕ್ಕೆ ಕರೆತರಲು ಹತ್ತಿಮತ್ತೂರಿಗೆ ಹೊರಟ. ಮಳೆಗೆ ರಸ್ತೆ ಕೆಟ್ಟು ಬಸ್ಸು ನಿಂತಿದ್ದರಿಂದ ಶಿಗ್ಗಾಂವಿಯಿಂದ ಸವಣೂರು ಹಾದು ನಡೆದೇ ಹೋಗಬೇಕಿತ್ತು. ಒಬ್ಬನೇ ಹೋಗಲು ಅವನಿಗೆ ಧೈರ್ಯವಿರಲಿಲ್ಲ, ಅದಕ್ಕೆ ನಾನು.

ಹೆದರಿಕೆ ದಾರಿಯದಲ್ಲ, ಅಕ್ಕನ ಅತ್ತೆಯದು. ಹಿಂದಿನ ವರ್ಷ ಆ ಮನೆಯ ಒಂದು ಮದುವೆಯಲ್ಲಿ ಯಾವುದೋ ಮಾತಿಗೆ ಸಿಟ್ಟಾಗಿ ಗೆಳೆಯನ ಅಪ್ಪ ಊಟದ ಗಂಗಾಳದ ಮುಂದಿನಿಂದ ಎದ್ದು ಬಂದಿದ್ದರು. ಬೀಗರ ಮನೆಯಲ್ಲಿ ಉಣ್ಣುತ್ತ ಎದ್ದರೆ ಮುಗಿಯಿತು. ಆ ಸಲ ಪಂಚಮಿಗೆ ಅಕ್ಕನನ್ನು ಕಳಿಸಲಿಲ್ಲ. ಈ ಸಲವೂ ಮಗಳು ಬರದಿದ್ದರೆ ಒಲೆ ಹಚ್ಚುವುದಿಲ್ಲ ಎಂದು ಅವನ ಅವ್ವ ಕೂತುಬಿಟ್ಟಿದ್ದಳು.

ನಸುಕಿನಲ್ಲೇ ಬಿಟ್ಟೆವು. ಎರೆಮಣ್ಣು ಕಾಲಿಗೆ ಹತ್ತಿದರೆ ಬಿಡುವ ಪೈಕಿಯಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು, ಯಾರದೋ ಹೊಲವನ್ನು ಕಾಲಲ್ಲಿ ಹೊತ್ತು ನಡೆದೆವು. ಎಳೆಯ ಶೇಂಗಾ ತೊಳೆದಿಟ್ಟ ಹಾಗೆ ಹಸಿರಾಗಿತ್ತು. ಬದುವಿನ ಮೇಲೆ ನವಿಲು ಕುಣಿಯುತ್ತಿತ್ತು. ನಾನು ತೋರಿಸಿದೆ, ಗೆಳೆಯ ನೋಡಲಿಲ್ಲ. ಅತ್ತೆಯ ಮುಂದೆ ಆಡಬೇಕಾದ ಮಾತನ್ನು ಅವನು ಬಾಯಿಪಾಠ ಮಾಡುತ್ತಿದ್ದ. ಸಾಲಿಯಲ್ಲಿ ಇಷ್ಟು ಓದಿದ್ದರೆ ನೀನು ಪಾಸಾಗುತ್ತಿದ್ದೆ ಎಂದು ಕಾಡಿಸಿದೆ.

ಸವಣೂರಿನ ಪೇಟೆಯಲ್ಲಿ ಬೀಗರಿಗೆಂದು ವೀಳ್ಯದೆಲೆಯ ಪೆಂಡಿ ಕೊಂಡೆವು. ಹತ್ತು ಮಂದಿಯ ತೋಳಿಗೂ ಸಿಗದ ಅಲ್ಲಿನ ದೊಡ್ಡ ಮರಗಳ ಕೆಳಗೆ ಬುತ್ತಿ ಬಿಚ್ಚಿದೆವು. ಅವನು ರೊಟ್ಟಿ ಮುರಿಯಲೇ ಇಲ್ಲ. ಅವನ ಪಾಲನ್ನೂ ನಾನೇ ತಿಂದೆ.

ಹತ್ತಿಮತ್ತೂರಿನ ಹತ್ತಿರ ಒಂದು ಹಳ್ಳ. ಅಲ್ಲಿಂದ ಊರಿಗೆ ಗರಸಿನ ಗಟ್ಟಿ ದಾರಿ. ನಾನು ಮೊಣಕಾಲಿನವರೆಗೂ ತಿಕ್ಕಿ ತೊಳೆದು ಚಪ್ಪಲಿ ಮೆಟ್ಟಿದೆ. ಬೀಗರ ಮನೆಗೆ ಎಮ್ಮೆಯ ಹಾಗೆ ಹೋಗಬಾರದೆಂದು ಅವನಿಗೂ ಬುದ್ಧಿ ಹೇಳಿದೆ. ಅವನಿಗೆ ಅದರ ಮೇಲೆ ಧ್ಯಾಸವೇ ಇರಲಿಲ್ಲ, ಕೆಸರುಗಾಲಲ್ಲೇ ನಡೆದ.

ಅತ್ತೆ ಬಾಗಿಲಲ್ಲೇ ನಿಂತಿದ್ದಳು. ಬರ್ರಿ ಅನ್ನಲಿಲ್ಲ. ಗೆಳೆಯ ಬಾಯಿಪಾಠವನ್ನೆಲ್ಲ ಮರೆತು ಎಲೆಯ ಪೆಂಡಿ ಹಿಡಿದು ನಿಂತ. ಆಕೆ ಅವನ ಕಾಲು ನೋಡಿದಳು, ಆಮೇಲೆ ನನ್ನ ಕಾಲು ನೋಡಿದಳು.

"ಇವ ಯಾಕ ಕಾಲ ತೊಳಕೊಂಡು ಬಂದಾನ? ನಮ್ಮ ಮನ್ಯಾಗ ನೀರಿಲ್ಲೇನು?"

ನನ್ನ ತಪ್ಪು ಆಗ ಹೊಳೆಯಿತು. ಬಂದವರ ಕಾಲಿಗೆ ನೀರು ಕೊಡುವುದು ಮನೆಯವರ ಮರ್ಯಾದೆ. ಅಪ್ಪ ಇವರ ಊಟ ಬಿಟ್ಟು ಎದ್ದ, ಈಗ ಮಗನ ಜೋಡಿ ಬಂದವನಿಗೆ ಇವರ ನೀರೂ ಬೇಡವಾಯಿತು. ಗೆಳೆಯ ನನ್ನನ್ನು ನುಂಗುವ ಹಾಗೆ ನೋಡಿದ. ಮಾತು ಹೇಳಿ ಸರಿಮಾಡುವ ಕೆಲಸ ಇದಲ್ಲ ಅನಿಸಿತು. ಚಪ್ಪಲಿ ಬಿಟ್ಟು, ಬಚ್ಚಲ ನೀರು ನಿಂತ ರಾಡಿಯಲ್ಲಿ ಎರಡೂ ಕಾಲು ಊರಿ ಬಂದೆ.

"ಈಗ ಕೊಡ್ರಿ ಯವ್ವಾ."

ಆಕೆ ಬಾಯಿಗೆ ಸೆರಗು ಹಿಡಿದಳು, ಆದರೂ ನಗು ನಿಲ್ಲಲಿಲ್ಲ. ಒಳಗೆ ತಿರುಗಿ, ಕೊಡ ತರಲು ಸೊಸೆಯನ್ನು ಕೂಗಿದಳು.

ಅಕ್ಕ ಕೊಡ ಹೊತ್ತು ಓಡಿಯೇ ಬಂದಳು. ನನ್ನ ಕಾಲಿಗೆ ಎರಡು ಚರಗಿ ನೀರು ಹೊಯ್ದು ತಮ್ಮನ ಕಡೆ ತಿರುಗಿದಳು. ಕೆಸರೆಲ್ಲ ಹೋದ ಮೇಲೂ ಅಳುತ್ತ ಹೊಯ್ಯುತ್ತಲೇ ಇದ್ದಳು.

"ಸಾಕ ಬಿಡವಾ," ಅಂದಳು ಅತ್ತೆ. "ನಾಳೆ ನೀನೂ ಅದ ಕೆಸರಾಗ ನಡೀಬೇಕಲ್ಲ."

ನನಗೆ ಹೋದ ಜೀವ ಬಂದಂತಾಯಿತು. ಗೆಳೆಯ ಆ ಸಂಜೆ ಐದು ರೊಟ್ಟಿ ಉಂಡ. ಅತ್ತೆ ತಾನಾಗಿ ಸಾಕೆನ್ನುವ ತನಕ ಗಂಗಾಳದ ಮುಂದಿನಿಂದ ಏಳಲಿಲ್ಲ.