ಕೆಂಪು ದೀಪಕ್ಕೆ ಗೋಡೆಯ ಉತ್ತರ

ಬಂಗಾರಪೇಟೆಯ ನಮ್ಮ ಹೊಸ ಮನೆಗೆ ನಿನ್ನೆ ರಿಮೋಟಿನ ವಯರಿಂಗ್ ಮಾಡುವವನು ಬಂದಿದ್ದ. ಆಂಪ್ಲಿಫೈಯರ್, ಸೆಟ್‌ಟಾಪ್ ಬಾಕ್ಸ್ ಎಲ್ಲವನ್ನೂ ಬೀರುವಿನೊಳಗೆ ಬಚ್ಚಿಟ್ಟು, ಹೊರಗೆ ಕಡಲೆಕಾಳಿನಷ್ಟು ಕಪ್ಪು ಕಣ್ಣೊಂದನ್ನು ಅಂಟಿಸಿದರೆ ಸಾಕಂತೆ. ರಿಮೋಟಿನ ಅಪ್ಪಣೆಯನ್ನು ಅದು ವಯರಿನಲ್ಲಿ ಒಳಕ್ಕೆ ಮುಟ್ಟಿಸುತ್ತದೆ. ದುಡ್ಡು ಸುರಿದು ತಂದದ್ದನ್ನು ಕಳ್ಳಮಾಲಿನ ಹಾಗೆ ಮುಚ್ಚಿಡುವುದು ಈಗಿನ ಶೋಕಿ. ನಾವೇನು ಕಮ್ಮಿ, ಹೇಳಿ!

ಆ ಕಣ್ಣನ್ನು ಅಂಗೈಯಲ್ಲಿಟ್ಟುಕೊಂಡಾಗ ಆಂಡರ್ಸನ್‌ಪೇಟೆಯ ನನ್ನ ಸೋದರಮಾವ ನೆನಪಾದರು. ಮೈಸೂರು ಮೈನ್ಸಿನ ಚಿನ್ನದ ಗಣಿಯಲ್ಲಿ ಆಳುಗಳನ್ನು ಕೆಳಗಿಳಿಸಿ ಮೇಲೆ ಹತ್ತಿಸುವ ಯಂತ್ರ ನಡೆಸುತ್ತಿದ್ದವರು. ಗಣಿ ಮುಚ್ಚಿತು, ಮಾವನ ಗತ್ತು ಮುಚ್ಚಲಿಲ್ಲ. ಅತ್ತೆ ಸೊಂಟ ಮುರಿದುಕೊಂಡು ಒಳಕೋಣೆಯ ಮಂಚ ಹಿಡಿದಾಗ, ಮಲಗಿದ್ದಲ್ಲಿಂದಲೇ ಹಾಡು ಹಾಕಿಕೊಳ್ಳಲಿ ಎಂದು ಇಂಥದೇ ಕಣ್ಣನ್ನು ತಂದು ಮಂಚದ ಪಕ್ಕ ಅಂಟಿಸಿದರು. ಅಲ್ಲಿಂದ ವಯರು ಕ್ಯಾಲೆಂಡರ್ ದಾಟಿ, ದೇವರ ಪಟ ಸುತ್ತಿ, ಬಾಗಿಲು ಹತ್ತಿಳಿದು ನಡುಮನೆಯ ಆಂಪ್ಲಿಫೈಯರಿಗೆ ಬರುತ್ತಿತ್ತು. ಬಟ್ಟೆ ಒಣಹಾಕಬಹುದಲ್ಲ ಎಂದು ನಾನು ಮೂಗು ಮುರಿದೆ. ಫ್ಯೂಸ್ ಕಟ್ಟಲೂ ಬಾರದ ನನ್ನಂಥವನಿಗೆ ಮೂಗು ಮುರಿಯುವುದಾದರೂ ಚೆನ್ನಾಗಿ ಬರಬೇಡವೇ?

ಸಾಲದ್ದಕ್ಕೆ ಮಾವ ನಡುಮನೆಯ ತಮ್ಮ ಕುರ್ಚಿಯ ಪಕ್ಕ ಒಂದು ಕೆಂಪು ದೀಪವನ್ನೂ ಹಾಕಿಕೊಂಡಿದ್ದರು. ಅತ್ತೆ ರಿಮೋಟ್ ಒತ್ತಿದಾಗಲೆಲ್ಲ ಅದು ಮಿನುಗುತ್ತಿತ್ತು; ಕೂಡಲೇ ಮಾವ ಗೋಡೆಗೆ ಟಕ್ ಟಕ್ ಎಂದು ತಟ್ಟುತ್ತಿದ್ದರು.

“ಇದ್ಯಾಕೆ ಮಾವ?” ಎಂದೆ.

“ಗಣೀಲಿ ಕೆಳಗಿಂದ ಬೆಲ್ ಒಡುದ್ರೆ ಮೇಲಿಂದ ತಿರ್ಗಾ ಒಡೀಬೇಕು ಕಣ್ಲಾ. ಇಲ್ಲಾಂದ್ರೆ ಮೇಲೆ ಆಳು ಅವ್ನೆ ಅಂತ ಕೆಳಗಿರೋನಿಗೆ ಎಂಗ್ಲಾ ಗೊತ್ತಾಯ್ತದೆ?”

“ಹಾಡು ಬಂದ್ರೆ ಗೊತ್ತಾಗಲ್ವಾ?”

“ಓಗ್ಲಾ, ಕಂಡಿದ್ದೀನಿ ನಿನ್ ಬುದ್ಧಿ.”

ಇನ್ನೊಂದು ಸಂಜೆ ಹೋದಾಗ ದೀಪ ಮಿನುಗುತ್ತಲೇ ಇತ್ತು, ಮಾವ ಪೇಪರಿನಿಂದ ತಲೆಯೆತ್ತದೆ ತಟ್ಟುತ್ತಲೇ ಇದ್ದರು. ಹಾಡು ಮಾತ್ರ ಇಲ್ಲ. ನೋಡಿದರೆ ಆಂಪ್ಲಿಫೈಯರಿನ ಪ್ಲಗ್ಗೇ ಕಿತ್ತಿದೆ, ಮೇಲೆ ಧೂಳು ಕೂತಿದೆ. ಕಣ್ಣಿಗೂ ದೀಪಕ್ಕೂ ಕರೆಂಟು ಬೇರೆ, ಅವೆರಡೇ ಓಡುತ್ತಿವೆ. ಸಿಕ್ಕಿಬಿದ್ದರು ಮಾವ ಎಂದು ಹಿಗ್ಗಿ ಒಳಗೆ ಓಡಿದೆ.

“ಅತ್ತೆ, ಪೆಟ್ಟಿಗೆಗೆ ಕರೆಂಟೇ ಇಲ್ಲ! ನೀವು ಸುಮ್ನೆ ಒತ್ತುತಾ ಇದ್ದೀರಿ.”

“ಗೊತ್ತಪ್ಪಾ, ನಾನೇ ತೆಗ್ಸಿದ್ದು. ಆ ಗಲಾಟೇಲಿ ಅವ್ರು ತಟ್ಟೋದು ಕೇಳುಸ್ತಿರ್ಲಿಲ್ಲ.”

ನಿಜ ಹೇಳಬೇಕೆಂದರೆ ಹೊಟ್ಟೆಕಿಚ್ಚಾಯಿತು.

“ಸಾರ್, ಕಣ್ಣು ಟಿವಿ ಕೆಳಗೆ ಅಂಟಿಸ್ಲಾ?” ಎಂದ ವಯರಿಂಗಿನವನು.

“ಅಂಟಿಸು. ಅಡುಗೆಮನೆಯಲ್ಲೂ ಒಂದು ಇರಲಿ. ನನ್ನ ಕುರ್ಚಿ ಪಕ್ಕ ಒಂದು ಕೆಂಪು ದೀಪ ಹಾಕು.”

“ಅಡುಗೆಮನೇಲಿ ಟಿವಿ ಎಲ್ಲೈತೆ ಸಾರ್?” ಎಂದು ಅವನು ಮೂಗು ಮುರಿದ. ನನ್ನಷ್ಟು ಚೆನ್ನಾಗಿ ಬರುವುದಿಲ್ಲ ಅವನಿಗೆ.

ಎಲ್ಲ ಮುಗಿದ ಮೇಲೆ, ಒತ್ತಿ ನೋಡು ಎಂದು ಅಡುಗೆಮನೆಯಲ್ಲಿದ್ದ ಹೆಂಡತಿಯ ಕೈಗೆ ರಿಮೋಟ್ ಕೊಟ್ಟು ಬಂದು ಕುಳಿತೆ. ದೀಪ ಮಿನುಗಿತು. ಹೊಸ ಬಣ್ಣದ ಗೋಡೆಗೆ ಗೆಣ್ಣಿನಿಂದ ಎರಡು ಸಲ ತಟ್ಟಿದೆ.

“ಏನ್ರೀ ಅದು ಸದ್ದು?” ಎಂದಳು ಒಳಗಿನಿಂದ.

“ಏನಿಲ್ಲ. ಇದ್ದೀನಿ.”

ದೀಪ ಮತ್ತೆ ಮಿನುಗಿತು.