ಜಯಕ್ಕನ ತಮಿಳು ಬಾರದ ಮೀನುಗಳು

ಜಯಕ್ಕ ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿದ್ದು ಮನುಷ್ಯರಿಗಲ್ಲ, ಮೀನಿನ ಡಬ್ಬಕ್ಕೆ. ತೊಪ್ಪೂರು ಘಾಟಿಯ ತಿರುವುಗಳಲ್ಲಿ ನನಗೆ ತಲೆ ಸುತ್ತಿ ವಾಂತಿ ಬರುತ್ತದೆ, ಮುಂದಿನ ಸೀಟು ನನ್ನದು ಎಂದು ಮನೆಯವರಿಗೆಲ್ಲ ಗೊತ್ತು. ಆದರೂ ಅವತ್ತು ಆತ್ತೂರಿನಿಂದ ಧರ್ಮಪುರಿ ಪಕ್ಕದ ಅದಿಯಮಾನ್‌ಕೋಟೆಯ ನಮ್ಮ ಮನೆವರೆಗೆ ಮೀನುಗಳು ಮುಂದೆ ಕೂತು ಬಂದವು, ನಾನು ಹಿಂದೆ ಮೂಲೆಯಲ್ಲಿ ಒತ್ತಿಕೊಂಡು ನಿಂಬೆಹಣ್ಣು ಮೂಸುತ್ತ ಬಂದೆ.

ಜಯಕ್ಕ ನನ್ನ ವಾರಗಿತ್ತಿ, ಗಂಡನ ಅಣ್ಣನ ಹೆಂಡತಿ. ಬಾವನಿಗೆ ಕರೆಂಟ್ ಆಫೀಸಿನಲ್ಲಿ ಕೆಲಸ. ಆತ್ತೂರಿನಿಂದ ಧರ್ಮಪುರಿಗೆ ಬದಲಿಯಾದಾಗ ನಮ್ಮ ಜೊತೆಯಲ್ಲೇ ಇರುವುದೆಂದು ತೀರ್ಮಾನವಾಯಿತು. ಸಾಮಾನು ಕಟ್ಟಲು ನಾನು, ಅತ್ತೆ, ನನ್ನ ಮಗಳು ನಂದಿನಿ ಹಿಂದಿನ ದಿನವೇ ಹೋಗಿದ್ದೆವು. ಹೋಗಿ ನೋಡಿದರೆ ಪಾತ್ರೆಪಗಡ ಹಾಗೇ ಬಿದ್ದಿದೆ, ಜಯಕ್ಕ ಮೀನಿನ ತೊಟ್ಟಿಯ ಮುಂದೆ ಕೂತಿದ್ದಾಳೆ. ಕಪಾಟಿನ ಸೀರೆ ಮಡಿಸಿದವಳು ನಾನು, ಗೋಣಿಚೀಲ ಹೊಲಿದವಳು ನಾನು. ಸಂಜೆ ಅತ್ತೆ ಹೇಳಿದ್ದು ಮಾತ್ರ, "ಜಯ ಪಾಪ, ಬೆಳಿಗ್ಗೆಯಿಂದ ಕುಂತ ತಾವಿಂದ ಎದ್ದಿಲ್ಲ."

ಎದ್ದಿರಲಿಲ್ಲ, ನಿಜ. ಮೀನು ಕಟ್ಟುವುದನ್ನು ಅವಳು ಮದುವೆ ಕೆಲಸದ ಹಾಗೆ ಮಾಡುತ್ತಿದ್ದಳು. ಹೊರಡುವ ಹಿಂದಿನ ದಿನದಿಂದಲೇ ಅವಕ್ಕೆ ಉಪವಾಸ. ದಪ್ಪ ಪ್ಲಾಸ್ಟಿಕ್ ಚೀಲ, ಅದರ ಮೇಲೆ ಇನ್ನೊಂದು ಚೀಲ. ಮೀನು ಸಿಕ್ಕಿಕೊಳ್ಳದ ಹಾಗೆ ಚೀಲದ ಮೂಲೆಗಳನ್ನು ಮಡಿಸಿ ಟೇಪ್ ಅಂಟಿಸುವಳು. ಒಳಗೆ ನೀರು ಸ್ವಲ್ಪ, ಗಾಳಿ ಜಾಸ್ತಿ. ಎಲ್ಲವನ್ನೂ ಥರ್ಮಕೋಲ್ ಡಬ್ಬದಲ್ಲಿಟ್ಟು ಮೇಲೆ ಕರಿ ಟವೆಲ್ ಹೊದಿಸುವಳು. "ಕತ್ಲೆ ಇದ್ರೆ ಎದ್ರಾಕಿಲ್ಲ ಕಣೇ ಪಾರ್ವತಿ, ಮನೇಲೇ ಇವ್ನಿ ಅಂದ್ಕೊಂಡು ಸುಮ್ನಿರ್ತಾವೆ" ಎಂದಳು. ನನ್ನ ಕಣ್ಣಿಗೂ ಒಂದು ಟವೆಲ್ ಕಟ್ಟಕ್ಕ, ತೊಪ್ಪೂರು ದಾಟುವವರೆಗೆ ನಾನೂ ಸುಮ್ಮನಿರುತ್ತೇನೆ ಎನ್ನಬೇಕೆನಿಸಿತು. ಅಂದಿದ್ದರೆ ಅವಳು ನಕ್ಕು ನಿಜವಾಗಿ ಕಟ್ಟುತ್ತಿದ್ದಳು, ಅಂಥವಳು.

ಓಮಲೂರು ದಾಟಿದ ಮೇಲೆ ಟೀ ಕುಡಿಯಲು ಕಾರು ನಿಂತಿತು. ಜಯಕ್ಕ ಟವೆಲ್ ಎತ್ತಿದಳು. ಚೀಲದ ನೀರೆಲ್ಲ ಗಂಜಿಯ ಹಾಗೆ ಕದಡಿತ್ತು. ಬಾಲ ಹರಿದ ಒಂದು ಬಂಗಾರದ ಬಣ್ಣದ ಮೀನು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿತ್ತು. ಉಪವಾಸವಿದ್ದ ಮೀನಿನ ನೀರು ಹೀಗೇಕಾಯಿತು ಎಂದು ಅವಳು ತಲೆ ಕೆಡಿಸಿಕೊಳ್ಳುತ್ತಿರುವಾಗ ನಮ್ಮತ್ತೆ ಟೀ ಊದುತ್ತ ಹೇಳಿದರು.

"ಚೀಲಕ್ಕೆ ತುಂಬೋ ಮುಂಚೆ ನಾನೇ ಒಂದ್ ಇಡ್ಲಿ ಪುಡಿ ಮಾಡಿ ಆಕ್ದೆ. ಊರಿಗೆ ಒಂಟೋರ್ನ ಯಾರಾನ ಒಟ್ಟೆ ಅಸ್ಕೊಂಡು ಕಳಿಸ್ತಾರಾ? ಒಂದ್ ನಿಮಿಷಕ್ಕೆ ಎಲ್ಲಾ ನುಂಗಿದ್ವು, ಪಾಪ."

ನಮ್ಮ ಮನೆಯಲ್ಲಿ ಹಾಗೇ. ಪೋಸ್ಟ್ ಕೊಡಲು ಬಂದವನೂ ಬಾಯಿಗೆ ಏನಾದರೂ ಹಾಕಿಕೊಳ್ಳದೆ ಹೊಸ್ತಿಲು ದಾಟುವ ಹಾಗಿಲ್ಲ. ಅತ್ತೆಗೆ ಮೀನೂ ಪ್ರಯಾಣಿಕರೇ. ನನಗೆ ಒಳಗೊಳಗೇ ಖುಷಿ. ಈಗ ಜಯಕ್ಕನ ಬಾಯಿ ನೋಡಬೇಕು, ಅತ್ತೆಯ ಮುದ್ದಿನ ಸೊಸೆ ಇವತ್ತು ಅತ್ತೆಯ ಮೇಲೆ ಕಿರುಚುತ್ತಾಳೆ ಎಂದು ಟೀ ಲೋಟ ಕೆಳಗಿಟ್ಟು ಕಾದೆ.

"ತಿಂದೋವು ಕಕ್ಕಸ್ಗೆ ಓಗ್ದೆ ಇರ್ತಾವಾ ಅತ್ತೆ, ಇರ್ಲಿ ಬುಡಿ" ಎಂದು ಜಯಕ್ಕ ನಕ್ಕಳು. ಅತ್ತೆಯೂ ನಕ್ಕರು, ಡ್ರೈವರ್ ಕೂಡ ನಕ್ಕ. ಅಂಗಡಿಯವನು ಬೋರ್ ನೀರು ತರುತ್ತೇನೆಂದ. ಅವಳು ಬೇಡವೆಂದು ಡಿಕ್ಕಿಯಿಂದ ಕ್ಯಾನ್ ಇಳಿಸಿದಳು. ಹಳೆ ತೊಟ್ಟಿಯ ನೀರನ್ನೇ ತುಂಬಿಸಿ ತಂದಿದ್ದಳು. ಚೀಲ ಬಿಚ್ಚಿ, ಕೊಳೆ ನೀರು ಚೆಲ್ಲಿ, ಅದನ್ನು ಹಾಕಿ, ಮತ್ತೆ ಗಾಳಿ ತುಂಬಿ ಕಟ್ಟಿದಳು. ಬಾಲ ಹರಿದ ಮೀನಿಗೆ, "ತಡ್ಕೊ ಸಾಮಿ, ಇನ್ನೊಂದ್ ಗಳಿಗೆ, ನಮ್ಮೂರು ಬಂತು" ಎಂದಳು. ಮನೆ ಮುಟ್ಟಿದ ಮೇಲೂ ಚೀಲಗಳನ್ನು ಹಾಗೇ ಹೊಸ ತೊಟ್ಟಿಯಲ್ಲಿ ತೇಲಿಬಿಟ್ಟು, ಒಳಗಿನ ನೀರು ಹೊರಗಿನ ನೀರು ಒಂದೇ ಬಿಸಿಗೆ ಬರುವವರೆಗೆ ಕಾದಳು. ಕೊನೆಗೆ ಎಲ್ಲ ಮೀನೂ ಬದುಕಿದವು. ನಾನು ತೊಪ್ಪೂರಿನಲ್ಲಿ ಎರಡು ಸಲ ವಾಂತಿ ಮಾಡಿಕೊಂಡಿದ್ದನ್ನು ಯಾರೂ ಕೇಳಲಿಲ್ಲ.

ಅತ್ತೆ ಅವಳನ್ನು ಹೊಗಳಿದರೆ ಹೇಗೋ ಸಹಿಸಿಕೊಳ್ಳುತ್ತಿದ್ದೆ. ನನ್ನ ಹೊಟ್ಟೆಯಲ್ಲಿ ನಿಜವಾಗಿ ಬೆಂಕಿ ಬಿದ್ದದ್ದು ನಂದಿನಿಯಿಂದ. ನನ್ನ ಮಗಳು ಆಗ ತಮಿಳು ಸ್ಕೂಲಿನಲ್ಲಿ ಮೂರನೇ ಕ್ಲಾಸು. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ತಮಿಳಲ್ಲಿ ಹೇಳುತ್ತಾಳೆ. "ಉಣ್ಣು ಬಾರೇ" ಎಂದರೆ "ಅಪ್ಪುರಂ ಸಾಪ್ಪುಡ್ರೇನ್ ಮ್ಮಾ" ಎನ್ನುತ್ತಾಳೆ, ಆಮೇಲೆ ತಿನ್ನುತ್ತಾಳಂತೆ. ನಮ್ಮವ್ವ ನನ್ನನ್ನು ತಟ್ಟಿ ಮಲಗಿಸಿದ ಮಾತು ನನ್ನ ಮಗಳ ಬಾಯಲ್ಲಿ ಒಂದು ಸಲವಾದರೂ ಬರಲಿ ಎಂದು ನಾನು ಮಾಡದ ಸರ್ಕಸ್ ಇಲ್ಲ. ಬೈದೆ, ಮಿಠಾಯಿ ಕೊಟ್ಟೆ, ಮಾತು ಬಿಟ್ಟೆ. ಏನೂ ನಡೆಯಲಿಲ್ಲ.

ಜಯಕ್ಕ ಬಂದ ವಾರದಲ್ಲೇ ನಂದಿನಿ ಗಾಜು ತಟ್ಟಿ "ವಾ, ವಾ" ಎಂದು ಮೀನು ಕರೆಯುತ್ತಿದ್ದಳು. ಮೀನು ಬರಲಿಲ್ಲ. ಜಯಕ್ಕ ಪಕ್ಕದಲ್ಲಿ ಕೂತು, "ಅವುಕ್ಕೆ ತಮಿಳ್ ಬರಾಕಿಲ್ಲ ಕಣವ್ವ. ನಮ್ ಮನೇಲಿ ಬೆಳ್ದೋವು, ನಮ್ ಮಾತೇ ಗೊತ್ತು" ಎಂದಳು. ಕೈಯಲ್ಲಿ ಚಿಟಿಕೆ ಮೇವು ಹಿಡಿದು "ಬಾ ಸಾಮಿ, ಉಣ್ಣಾನ ಬಾ" ಎಂದಳು. ಎಲ್ಲ ಮೀನೂ ಬಂದವು. ಮೇವು ಕಂಡರೆ ಯಾವ ಮೀನು ಬರುವುದಿಲ್ಲ? ಆತ್ತೂರು ಪೇಟೆಯಲ್ಲಿ ಕೊಂಡ ಮೀನಿಗೆ ತಮಿಳು ಬರುವುದಿಲ್ಲವಂತೆ. ಆದರೆ ನನ್ನ ಮಗಳು ನಂಬಿದಳು. ತಾನೂ ಮೆಲ್ಲಗೆ "ಬಾ ಸಾಮಿ" ಎಂದಳು.

ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದೆ. ಸಂತೋಷವಾಗಬೇಕಿತ್ತು. ಆಗಲಿಲ್ಲ. ಹೆತ್ತು ಹೊತ್ತು ಬೇಡಿಕೊಂಡವಳು ನಾನು, ಮಾತು ದಕ್ಕಿದ್ದು ಇವಳ ಮೀನಿಗೆ. ತಿಂಗಳು ಕಳೆಯುವಷ್ಟರಲ್ಲಿ "ಪೆರಿಯಮ್ಮ" ಹೋಗಿ "ದೊಡ್ಡಮ್ಮ" ಆಯಿತು. ಸ್ಕೂಲಿನಿಂದ ಬಂದವಳು ಚೀಲ ಎಸೆದು ಓಡುತ್ತಿದ್ದದ್ದು ತೊಟ್ಟಿಯ ಹತ್ತಿರಕ್ಕೆ. ನನ್ನ ಹತ್ತಿರ ಮಾತ್ರ ತಮಿಳು, ಅದು ಬದಲಾಗಲಿಲ್ಲ.

ಹೋದ ವರ್ಷ ಬಾವನಿಗೆ ಮತ್ತೆ ಬದಲಿಯಾಯಿತು, ಈ ಸಲ ರಾಮನಾಥಪುರದ ಕಡೆ, ಬಲು ದೂರ. ನಾನು ಮನಸಾರೆ ಸಂತೋಷಪಟ್ಟೆ. ಹೊರಡುವ ಹಿಂದಿನ ದಿನ ನಂದಿನಿ ತೊಟ್ಟಿಯ ಮುಂದೆ ಕಾವಲು ಕೂತಳು. "ಅಜ್ಜಿ, ಇವತ್ತು ಏನೂ ಆಕ್ಬ್ಯಾಡ. ಒಟ್ಟೆ ಅಸ್ಕೊಂಡೇ ಓಗ್ಬೇಕು" ಎಂದಳು. ಅತ್ತೆ ಇಡ್ಲಿ ತಟ್ಟೆ ಹಿಡಿದು ವಾಪಸ್ಸು ಹೋದರು.

ಬೆಳಿಗ್ಗೆ ಡಬ್ಬಕ್ಕೆ ಬೆಲ್ಟ್ ಬಿಗಿದ ಮೇಲೆ ಜಯಕ್ಕ ಒಳಗೆ ಬಂದು ನನ್ನ ಕೈ ಹಿಡಿದಳು. ತೊಟ್ಟಿಯಲ್ಲಿ ಬಾಲ ಹರಿದ ಮೀನು ಒಂದನ್ನೇ ಬಿಟ್ಟಿದ್ದಳು.

"ಇದು ಇನ್ನೊಂದ್ ದಾರಿ ತಡಿಯಾಕಿಲ್ಲ ಪಾರ್ವತಿ. ನೀನ್ ನೋಡ್ಕೊ."

ನಂದಿನಿಗೆ ಹೇಳಲಿಲ್ಲ, ಅತ್ತೆಗೆ ಹೇಳಲಿಲ್ಲ, ನನಗೆ ಹೇಳಿದಳು. ಇವಳಿಗೆ ನನ್ನ ಹೊಟ್ಟೆಯುರಿಯೆಲ್ಲ ಗೊತ್ತಿತ್ತೇನೋ ಎನಿಸಿ ಇನ್ನಷ್ಟು ಸಿಟ್ಟು ಬಂತು. "ಓಗ್ ಬಾ ಅಕ್ಕ" ಎಂದೆ. ಕಾರು ಹೊರಟುಹೋಯಿತು. ಆಮೇಲೆ ಅವಳು ಈ ಕಡೆ ಬಂದಿಲ್ಲ.

ಈಗ ತೊಟ್ಟಿಯ ನೀರು ಬದಲಿಸುವವಳು ನಾನು. ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕುವ ಮುಂಚೆ ಮೀನು ಆಡುತ್ತಿದೆಯೇ ಎಂದು ನೋಡುತ್ತೇನೆ. ಸಂಜೆ ನಂದಿನಿ ಅದರ ಮುಂದೆ ಕೂತು ಸ್ಕೂಲಿನ ಕಥೆಯೆಲ್ಲ ಕನ್ನಡದಲ್ಲಿ ಹೇಳುತ್ತಾಳೆ. ನಾನು ಬೆನ್ನ ಹಿಂದೆ ಸೊಪ್ಪು ಬಿಡಿಸುತ್ತ, ಸದ್ದು ಮಾಡದೆ ಕೇಳುತ್ತೇನೆ.

ಮೊನ್ನೆ ತಡೆಯಲಾರದೆ, "ಮೀನಿಗೆ ಮೇವು ಆಕಿದ್ಯೇನೇ?" ಎಂದೆ.

"ಪೋಟ್ಟೇನ್ ಮ್ಮಾ" ಎಂದಳು ತಿರುಗದೆ. ಹಾಕಿದ್ದಾಳಂತೆ. ಮತ್ತೆ ಗಾಜಿಗೆ ಮೂಗು ಒತ್ತಿ ಮೀನಿಗೆ ಹೇಳಿದಳು, "ನೋಡ್ದಾ ಸಾಮಿ, ನಮ್ಮವ್ವ ನಿನ್ನೇ ಇಚಾರಿಸ್ತಾವ್ಳೆ. ನನ್ನ ಕೇಳಾಕಿಲ್ಲ."