ಅಮ್ಮ ಗ್ರೈಂಡರ್ ನಿಲ್ಲಿಸಿದ ಮಧ್ಯಾಹ್ನ

ಸಂಭಾಜಿನಗರದ ಈ ಫ್ಲಾಟಿನಲ್ಲಿ ಉದ್ದಿನ ಜೊತೆ ಮೆಂತ್ಯ ನೆನೆಹಾಕಿದಾಗಲೆಲ್ಲ ಆ ಕಹಿಗಂಪು ನನ್ನನ್ನು ನಾಸಿಕದ ದೇವಳಾಲಿ ಮಿಲಿಟರಿ ಕ್ಯಾಂಪಿಗೆ ಎಳೆದೊಯ್ಯುತ್ತದೆ. ಮುಂದುಗಡೆ ಅಪ್ಪನ ಹೋಟೆಲು, ಹಿಂದುಗಡೆ ನಾವು, ನಡುವಿನ ಕೋಣೆಯಲ್ಲಿ ಮಧ್ಯಾಹ್ನವಿಡೀ ಗಡಗಡ ತಿರುಗುವ ಗ್ರೈಂಡರ್. ಅದರ ಸದ್ದನ್ನು ಮೀರಿಸಲು ಎಲ್ಲರೂ ಕೂಗಿಯೇ ಮಾತಾಡುತ್ತಿದ್ದೆವು, ಒಬ್ಬರು ಮುಗಿಸುವ ಮೊದಲೇ ಇನ್ನೊಬ್ಬರು. ನಿಮ್ಮ ಮನೆಯಲ್ಲೂ ಹಾಗೇ ಇದ್ದಿರಬಹುದು. ಕಾನ್ವೆಂಟಿನಿಂದ ಎಲೊಕ್ಯೂಷನ್ ಪ್ರೈಜ್ ತರುತ್ತಿದ್ದ ನಾನಂತೂ ಎಲ್ಲರಿಗಿಂತ ಜೋರು. ಈ ರೇಡಿಯೋಕ್ಕೆ ಸ್ವಿಚ್ಚೇ ಇಲ್ಲ ಎಂದು ಅಜ್ಜಿ ಹಂಗಿಸುತ್ತಿದ್ದರು.

ಒಂದು ಬೇಸಿಗೆಯಲ್ಲಿ ಅಪ್ಪನ ತಂಗಿ ಸುಮತಿ ಅತ್ತೆ ಸಿಲ್ಲೋಡಿನ ಗಂಡನ ಮನೆಯಿಂದ ಒಬ್ಬಳೇ ಬಂದಳು. ಅವಳು ಬಾಯಿ ತೆರೆದರೆ ಸಾಕು, ಅಜ್ಜಿ ಹೊಂದಿಕೊಂಡು ಹೋಗುವ ಬಗೆ ಹೇಳುವರು, ಅಪ್ಪ ಭಾವನ ಒಳ್ಳೆಯತನ ಹೇಳುವರು. ಅವಳನ್ನು ವಾಪಸು ಕಳಿಸಲು ಮನ್ಮಾಡಿನ ಗಾಡಿಗೆ ಟಿಕೆಟ್ಟೂ ಬಂತು. ಹೊರಡುವ ಮಧ್ಯಾಹ್ನ ಅವಳು ಗ್ರೈಂಡರಿನ ಬಳಿ ನಿಂತು ಅಮ್ಮನಿಗೆ ಏನೋ ಹೇಳಿದಳು. ಆ ಸದ್ದಿನಲ್ಲಿ ಅಮ್ಮನಿಗೆ ಕೇಳಿಸಲಿಲ್ಲ. ಅತ್ತೆ ಏನಿಲ್ಲ ಎಂಬಂತೆ ನಕ್ಕು ತಿರುಗಿದಳು. ಅಮ್ಮ ಅವಳನ್ನು ಕೈಹಿಡಿದು ಕೂರಿಸಿ, ಹಿಟ್ಟು ಅರ್ಧ ಅರೆದಿರುವಾಗಲೇ ಸ್ವಿಚ್ ಆಫ್ ಮಾಡಿದಳು. ಅಂಗಳದ ನಲ್ಲಿ ತೊಟ್ಟಿಕ್ಕುವುದು ನನಗೆ ಆವತ್ತೇ ಮೊದಲು ಕೇಳಿಸಿದ್ದು. ಅಪ್ಪ ಗಲ್ಲಾ ಬಿಟ್ಟು ಓಡಿಬಂದರು. ನಾಳೆ ಆದಿತ್ಯವಾರ, ಕ್ಯಾಂಪಿನವರೆಲ್ಲ ಬರುತ್ತಾರೆ, ಮೆಷೀನಿಗೆ ಎಂತ ಆಯಿತು ಎಂದರು.

"ಮೆಷೀನಿಗೆ ಎಂತದೂ ಆಗ್ಲಿಲ್ಲ. ನಾಳೆ ದೋಸೆ ಇಲ್ಲ ಅಂತ ಬೋರ್ಡು ಹಾಕಿ."

ಆಮೇಲೆ ಅಮ್ಮ ಏನೂ ಕೇಳಲಿಲ್ಲ. ಹಿಟ್ಟಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕಾದಳು. ಬಹಳ ಹೊತ್ತಿನ ಮೇಲೆ ಅತ್ತೆ, "ಅತ್ತಿಗೆ, ನನಗೆ ಅಲ್ಲಿ ಹೆದರಿಕೆ ಆಗ್ತದೆ," ಎಂದಳು. ಅಪ್ಪ ಏನೋ ಹೇಳಹೊರಟರು, ಅಮ್ಮ ಕಣ್ಣಲ್ಲೇ ತಡೆದಳು. "ಹೂಂ, ಹೇಳು," ಎಂದಳಷ್ಟೇ. ಅತ್ತೆ ಹೇಳುತ್ತಾ ಹೋದಳು. ಅವಳು ಮುಗಿಸಿದಾಗ ಬಾಗಿಲ ಬಳಿಯಿದ್ದ ಅವಳ ಟ್ರಂಕನ್ನು ಅಪ್ಪನೇ ಎತ್ತಿ ಒಳಕೋಣೆಗೆ ಒಯ್ದರು.

ಅವಳು ಮತ್ತೆ ಸಿಲ್ಲೋಡಿಗೆ ಹೋಗಲಿಲ್ಲ. ಅಜ್ಜಿ, ಅಪ್ಪ, ಅಮ್ಮ ಒಬ್ಬೊಬ್ಬರಾಗಿ ತೀರಿಹೋದ ಮೇಲೆ ಈ ಫ್ಲಾಟಿನಲ್ಲಿ ನನ್ನ ಜೊತೆ ಇದ್ದಳು. ಮಾತಿನ ಮಲ್ಲಿಯಾದ ನಾನು ಅವಳ ಎದುರು ಕೂತೂ ಕೂತೂ ಕಲಿತೆ: ನಾಲಿಗೆ ತುದಿಗೆ ಬಂದ ಅಡ್ವೈಸನ್ನು ನುಂಗಿಕೊಳ್ಳುವುದು, ಅವಳು ತಡೆದು ನಿಂತಲ್ಲಿ ನಾನೂ ನಿಲ್ಲುವುದು. ಹೋದ ಚಳಿಗಾಲ ಬಾಲ್ಕನಿಯ ಬಿಸಿಲಿನಲ್ಲಿ ಬಟಾಣಿ ಸುಲಿಯುತ್ತಾ, ಆವತ್ತು ಅಮ್ಮನಿಗೂ ಹೇಳದೆ ಉಳಿಸಿಕೊಂಡಿದ್ದ ಒಂದು ಮಾತನ್ನು ನನಗೆ ಹೇಳಿದಳು. ನಾನು ಬಟಾಣಿಯ ತಟ್ಟೆ ಕೆಳಗಿಟ್ಟೆ. ಹೋಳಿ ಬರುವ ಮೊದಲೇ ಅತ್ತೆ ತೀರಿಕೊಂಡಳು.

ಆ ಮಾತನ್ನು ಇಲ್ಲಿ ಬರೆಯುವುದಿಲ್ಲ. ಅವಳು ಅದನ್ನು ನನ್ನ ಹತ್ತಿರ ಇಟ್ಟುಹೋಗಿದ್ದಾಳೆ.